ತ್ರೀ ಫಿಫ್ಟೀನಾ, ಥರ್ಟಿ-ಆಟ್-ಸಿಕ್ಸಾ? ರೈಫಲ್ ತೋಟೆ ಆರಿಸುವ ಮೊದಲು

ಮಳೆ ಕಡಿಮೆಯಾಗಿ ಮರಗೆಣಸು ಬಲಿಯುವ ಹೊತ್ತಿಗೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. "ಅಣ್ಣಾ, ಹಂದಿ ಕಾಟ ತಡೆಯಲಿಕ್ಕೆ ಆಗುವುದಿಲ್ಲ. ರೈಫಲ್ ತಗೊಳ್ಳುವ ಅಂತ ಇದೆ. ತ್ರೀ ಫಿಫ್ಟೀನ್ (.315) ಒಳ್ಳೆಯದಾ, ಥರ್ಟಿ-ಆಟ್-ಸಿಕ್ಸ್ (.30-06) ಒಳ್ಳೆಯದಾ?" ನಮ್ಮ ಕಾಸರಗೋಡು ಜಿಲ್ಲೆಯ ದೇಲಂಪಾಡಿಯಿಂದ ಕೇಳುತ್ತಾರೆ, ಬಾಯಾರಿನಿಂದ ಕೇಳುತ್ತಾರೆ. ಅಜ್ಜನ ಕಾಲದ ರೈಫಲ್ ಮನೆಯಲ್ಲಿ ಇದೆ, ಇಟ್ಟುಕೊಳ್ಳುವುದಾ ಕೊಡುವುದಾ ಅಂತ ಕೇಳುವವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ ಇರುವ ನನ್ನ ಚಿಕ್ಕಮ್ಮನ ಮಗ ಕಳಿಸಿದ ಪಟ್ಟಿಯೇ ಬೇರೆ: .270, .308, 6.5 ಕ್ರೀಡ್‌ಮೋರ್. ಇವೆಲ್ಲ ಬೇರೆ ಬೇರೆ ಅಳತೆಯ ತೋಟೆಗಳ ಹೆಸರು. ಫೋನಿನಲ್ಲಿ ಬಿಡಿ ಬಿಡಿಯಾಗಿ ಹೇಳಿದರೆ ಅರ್ಧ ಮಾತು ಬಿಟ್ಟುಹೋಗುತ್ತದೆ. ಹಾಗಾಗಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಅದು ಗೊತ್ತಿಲ್ಲದೆ ತೋಟೆಯ ಬಗ್ಗೆ ಮಾತಾಡಿ ಉಪಯೋಗ ಇಲ್ಲ. ನಮ್ಮ ದೇಶದಲ್ಲಿ ಬೇಟೆ ಅಂತ ಹೊರಡುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿಯಿತು. ಕೇರಳದಲ್ಲಿ ಮೇ 2022ರಲ್ಲಿ ಸರ್ಕಾರ ಒಂದು ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ, ನಗರಸಭೆ ಅಧ್ಯಕ್ಷರಿಗೆ ಕೊಟ್ಟಿತು: ಕೃಷಿ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಅವರು ಅನುಮತಿ ಕೊಡಬಹುದು. ಕೊಲ್ಲುವವರು ಲೈಸೆನ್ಸ್ ಇರುವವರೇ ಆಗಬೇಕು. ವಿಷ, ಸ್ಫೋಟಕ, ಕರೆಂಟು ಇದ್ಯಾವುದೂ ಕೂಡದು. ಮರಿಗೆ ಹಾಲು ಕೊಡುವ ಹೆಣ್ಣನ್ನು ಬಿಡಬೇಕು. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಮಾಡುವ ಹಾಗಿಲ್ಲ. ಇನ್ನೊಂದು, ನಮ್ಮ ಗಡಿಯವರು ಇದನ್ನು ಸರಿಯಾಗಿ ನೆನಪಿಡಬೇಕು. ಈ ಅನುಮತಿ ಗಡಿಯ ಈಚೆಗೆ ಮಾತ್ರ. ಹಂದಿ ತೋಡು ದಾಟಿ ಕರ್ನಾಟಕದ ಕಡೆಗೆ ಹೋದರೆ ಅಲ್ಲಿಗೆ ಬಿಟ್ಟುಬಿಡಿ. ಅಲ್ಲಿಯ ನಿಯಮ ಬೇರೆ, ಇಲ್ಲಿಯ ಕಾಗದ ಅಲ್ಲಿ ನಡೆಯುವುದಿಲ್ಲ.

ಇನ್ನು ಲೈಸೆನ್ಸ್. 1959ರ ಆಯುಧ ಕಾಯ್ದೆ ನಯ ನಳಿಕೆಯ ಕೋವಿಗೂ ನಳಿಕೆಯೊಳಗೆ ಸುತ್ತುಗೆರೆ ಕೊರೆದ ರೈಫಲ್‌ಗೂ ವ್ಯತ್ಯಾಸ ಮಾಡುತ್ತದೆ. 20 ಇಂಚಿಗಿಂತ ಕಡಿಮೆ ಇಲ್ಲದ ನಳಿಕೆಯ ಸಾದಾ ಕೋವಿಗೆ, ಬೆಳೆ ಕಾಯುವ, ನಳಿಕೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ದಾರಿ ಸ್ವಲ್ಪ ಸಲೀಸು. ರೈಫಲ್ ಬೇಕು ಅಂದರೆ ಯಾಕೆ ಬೇಕು ಅಂತ ಅಧಿಕಾರಿಗೆ ಒಪ್ಪಿಗೆಯಾಗುವ ಹಾಗೆ ಹೇಳಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ. ಒಂದು ಜಾಗ ತಪ್ಪು ಆಯ್ಕೆಯಿಂದ ತುಂಬಿತು ಅಂದರೆ ಬದಲಿಸುವುದು ದೊಡ್ಡ ಕೆಲಸ.

ನಾನು ಯಾವ ತೋಟೆಯನ್ನು ತೂಗುವಾಗಲೂ ಮೊದಲು ನೋಡುವುದು ಅದರ ಬಲ ಅಲ್ಲ, ಗುಂಡು ಎಲ್ಲಿ ನಿಲ್ಲುತ್ತದೆ ಅನ್ನುವುದು. ಇದಕ್ಕೆ ಒಂದು ಕಾರಣ ಇದೆ. ಕೆಲವು ವರ್ಷದ ಹಿಂದೆ ನಮ್ಮ ಅಡಿಕೆ ತೋಟಕ್ಕೆ ಅನುಮತಿ ಪಡೆದು ಒಬ್ಬರು .30-06 ತಂದಿದ್ದರು. ಒಳ್ಳೆಯ ಗುರಿಕಾರರು. ಮೂವತ್ತು ಹೆಜ್ಜೆ ದೂರದಲ್ಲಿ ಹಂದಿ ಅಡ್ಡ ನಿಂತಿತ್ತು, ಒಂದೇ ಈಡಿಗೆ ಬಿತ್ತು. ಬೆಳಿಗ್ಗೆ ನೋಡಿದರೆ ಗುಂಡು ಹಂದಿಯನ್ನು ದಾಟಿ, ಎರಡು ಸಾಲು ಅಡಿಕೆ ಮರಗಳ ನಡುವಿನಿಂದ ಹೋಗಿ, ಪಂಪ್ ಶೆಡ್ಡಿನ ಮುರಕಲ್ಲಿನ ಗೋಡೆಯ ಮೂಲೆಯನ್ನು ಒಡೆದಿತ್ತು. ಕೊಯ್ಲಿನ ಸಮಯದಲ್ಲಿ ಅದೇ ಶೆಡ್ಡಿನಲ್ಲಿ ಕೆಲಸದವರು ಮಲಗುತ್ತಾರೆ. ಅವತ್ತು ಯಾರೂ ಇರಲಿಲ್ಲ. ಅವತ್ತಿನಿಂದ ನನ್ನ ಲೆಕ್ಕವೇ ಬದಲಾಯಿತು.

ಹಾಗಾಗಿ ನಿಮ್ಮ ಜಾಗದಲ್ಲಿ ಹಿಂದೆ ಬರೆ (ಕಡಿದಾದ ದಿಬ್ಬ) ಇದೆಯಾ ನೋಡಿ. ಮಣ್ಣಿನ ಬರೆ ಗುಂಡನ್ನು ನುಂಗುತ್ತದೆ. ಮುರಕಲ್ಲಿನ ಪಾರೆ ಹಾಗಲ್ಲ, ಓರೆಯಾಗಿ ತಾಗಿದರೆ ಗುಂಡು ಚಿಮ್ಮಿ ಎಲ್ಲಿಗೋ ಹೋಗುತ್ತದೆ. ಕೆರೆಯ ನೀರೂ ಹಾಗೆಯೇ. ಬಯಲಿಗೆ ಬಿಟ್ಟ ರೈಫಲ್ ಗುಂಡು ಮೂರು ನಾಲ್ಕು ಕಿಲೋಮೀಟರ್ ಹೋಗಬಲ್ಲದು. ನಮ್ಮಲ್ಲಿ ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳುತ್ತದೆ, ಅಲ್ವಾ?

ಎರಡನೆಯದು ದೂರ. ತೋಟದಲ್ಲಿ ರಾತ್ರಿ ಟಾರ್ಚಿನ ಬೆಳಕಿಗೆ ಹಂದಿ ಕಾಣುವುದು 20ರಿಂದ 50 ಮೀಟರ್ ಒಳಗೆ. ಗೇರು ಗುಡ್ಡೆಯ ಓರೆಯಲ್ಲಿ, ರಬ್ಬರು ತೋಟದ ಸಾಲಿನಲ್ಲಿ ಹಗಲು ಸಿಕ್ಕಿದರೆ ನೂರು ಮೀಟರ್. ಇನ್ನೂರು ಮೀಟರಿನ ಈಡು ನಮ್ಮ ಕಡೆ ನಾನು ನೋಡಿಲ್ಲ. ಮೂರನೆಯದು ತೋಟೆ ಸಿಗುತ್ತದಾ, ಅದರ ರೇಟು ಎಷ್ಟು. ನಾಲ್ಕನೆಯದು ಹೆಗಲಿಗೆ ಬರುವ ಒದೆತ, ಇದು ಸಣ್ಣ ವಿಷಯ ಅಲ್ಲ, ಯಾಕೆಂದರೆ ಒದೆತಕ್ಕೆ ಹೆದರುವವನು ಕುದುರೆ (ಟ್ರಿಗರ್) ಒತ್ತುವಾಗ ಕಣ್ಣು ಮುಚ್ಚುತ್ತಾನೆ, ಆಮೇಲೆ ಗಾಯವಾದ ಹಂದಿ ಪೊದೆಯೊಳಗೆ ಹೋಗುತ್ತದೆ, ಅದನ್ನು ಹುಡುಕಿಕೊಂಡು ಹೋಗುವ ಕೆಲಸ ಯಾರಿಗೂ ಬೇಡ.

ಈಗ ಒಂದೊಂದಾಗಿ ನೋಡುವ.

.315. ನಮ್ಮ ದೇಶದ ರೈಫಲ್ ಅಂದರೆ ಇದೇ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ತೋಟೆ ಜನರ ಕೈಗೆ ಹೋಗಬಾರದು ಅಂತ ಕಟ್ಟುನಿಟ್ಟು ಇತ್ತು. ಹಾಗಾಗಿ ಹಳೆಯ ಆಸ್ಟ್ರಿಯನ್ 8 ಮಿ.ಮೀ. ಮನ್ಲಿಕರ್ ತೋಟೆಯ ಜಾತಿಯದ್ದು ಜನಬಳಕೆಗೆ ಬಂತು, ಅದೇ .315 ಆಗಿ ಉಳಿಯಿತು. ರೈಫಲ್ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯದ್ದು, ತೋಟೆ ಪುಣೆಯ ಖಡ್ಕಿಯದ್ದು. ತೋಟೆಯ ತಳದಲ್ಲಿ ಕಾಣುವ 'ಕೆಎಫ್' ಗುರುತು ಅಲ್ಲಿಯದ್ದೇ. ಗುಂಡು ಭಾರ, 244 ಗ್ರೇನ್, ಅಂದರೆ ಸುಮಾರು 15.8 ಗ್ರಾಂ. ವೇಗ ಕಡಿಮೆ, ಸೆಕೆಂಡಿಗೆ 620 ಮೀಟರ್ ಆಸುಪಾಸು. ಲೆಕ್ಕ ಹಾಕಿದರೆ ಸುಮಾರು 3000 ಜೂಲ್ ಶಕ್ತಿ. ಕಾಗದದ ಮೇಲೆ ಇದು ಹಳೆಯದು, ನಿಧಾನದ್ದು. ತೋಟದಲ್ಲಿ ಹಂದಿಗೆ ಇದು ಧಾರಾಳ ಸಾಕು. ಗಂಡು ಹಂದಿಯ ಹೆಗಲ ಮೇಲೆ ದಪ್ಪ ಗಟ್ಟಿ ಚರ್ಮದ ಕವಚ ಇರುತ್ತದೆ, ಅದನ್ನು ಭಾರದ ಮೆತ್ತನೆ ಮೂತಿಯ ಗುಂಡು ಸಲೀಸಾಗಿ ಒಡೆಯುತ್ತದೆ.

ಇದರ ಕೊರತೆ ಗೊತ್ತಾಗುವುದು ದೂರ ಹೋದ ಹಾಗೆ. ನೂರು ಮೀಟರಿಗೆ ಝೀರೋ ಮಾಡಿ ಇಟ್ಟರೆ, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಹೊಂದಿಸಿದರೆ, ಇನ್ನೂರಕ್ಕೆ ಗುಂಡು ಒಂದು ಅಡಿಯ ಹತ್ತಿರ ಕೆಳಗೆ ಬೀಳುತ್ತದೆ. ಐವತ್ತು ಮೀಟರಿಗೆ ಹೊಡೆಯುವವನಿಗೆ ಈ ಲೆಕ್ಕ ಬೇಕಾಗುವುದೇ ಇಲ್ಲ. ಗುರಿಯ ನಿಖರತೆ ರೈಫಲಿನಿಂದ ರೈಫಲಿಗೆ ಬದಲಾಗುತ್ತದೆ, ಎಲ್ಲವೂ ಒಂದೇ ಹದದಲ್ಲಿ ಬರುವುದಿಲ್ಲ. ತಗೊಳ್ಳುವ ಮೊದಲು ನಳಿಕೆಯ ಒಳಗೆ ಬೆಳಕು ಹಿಡಿದು ನೋಡಿ, ಸುತ್ತುಗೆರೆಗಳು ಚೂಪಾಗಿ ಕಾಣಬೇಕು, ತುಕ್ಕಿನ ಚುಕ್ಕೆ ಇರಬಾರದು. ಇದರ ದೊಡ್ಡ ಲಾಭ ತೋಟೆ. ದೇಶದಲ್ಲೇ ಆಗುವ ತೋಟೆ ವಿದೇಶದ್ದಕ್ಕಿಂತ ತುಂಬಾ ಅಗ್ಗ. ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ತೋಟೆ ಅಂತ ಬರೆದಿರುತ್ತಾರೆ. ಅಗ್ಗದ ತೋಟೆ ಆದರೆ ಆ ಲೆಕ್ಕದಲ್ಲಿ ಹತ್ತನ್ನು ಅಭ್ಯಾಸಕ್ಕೆ ತೆಗೆದಿಡಲು ಮನಸ್ಸು ಬರುತ್ತದೆ. ದುಬಾರಿ ತೋಟೆ ಆದರೆ ಜನ ಒಂದೂ ಅಭ್ಯಾಸ ಮಾಡದೆ ಕಪಾಟಿನಲ್ಲಿ ಇಡುತ್ತಾರೆ. ನಾನು ಕಂಡ ತಪ್ಪು ಈಡುಗಳಲ್ಲಿ ಜಾಸ್ತಿ ಇಂಥವರದ್ದೇ.

.30-06. ಹೆಸರಿನಲ್ಲೇ ಇತಿಹಾಸ ಇದೆ. .30 ಅಂದರೆ ಇಂಚಿನ ಲೆಕ್ಕದ ಅಳತೆ, 06 ಅಂದರೆ 1906, ಅಮೆರಿಕದ ಸೈನ್ಯ ಇದನ್ನು ತಗೊಂಡ ವರ್ಷ. ಎರಡು ಮಹಾಯುದ್ಧದಲ್ಲೂ ಅವರು ಬಳಸಿದ್ದು ಇದನ್ನೇ. 180 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೋಗುತ್ತದೆ, 3900 ಜೂಲಿನ ಹತ್ತಿರ. ಇನ್ನೂರು ಮೀಟರಿನಲ್ಲಿ ನಾಲ್ಕೈದು ಇಂಚು ಮಾತ್ರ ಬೀಳುತ್ತದೆ. 150 ಗ್ರೇನಿನಿಂದ 220ರ ತನಕ ಗುಂಡು ಸಿಗುತ್ತದೆ, ಹಾಗಾಗಿ ಪ್ರಪಂಚದಲ್ಲಿ ಎಲ್ಲ ಕೆಲಸಕ್ಕೂ ಒಂದೇ ರೈಫಲ್ ಬೇಕು ಅನ್ನುವವರು ಇದನ್ನು ಹಿಡಿಯುತ್ತಾರೆ. ನಮ್ಮ ಸರ್ಕಾರಿ ಕಾರ್ಖಾನೆಯದ್ದೇ .30-06 ರೈಫಲ್ ಕೂಡ ಇದೆ.

ಹಾಗಾದರೆ ಇದನ್ನೇ ತಗೊಳ್ಳಬಹುದಲ್ವಾ? ದೊಡ್ಡ ಗುಡ್ಡೆ ಇರುವವರು, ಪಂಚಾಯತಿನ ಪಟ್ಟಿಯಲ್ಲಿ ಹೆಸರು ಇದ್ದು ಊರೂರಿಗೆ ಹೋಗುವ ಗುರಿಕಾರರು, ನೂರು ಮೀಟರ್ ಮೇಲಿನ ಈಡು ಬರುವವರು ಖಂಡಿತ ತಗೊಳ್ಳಲಿ. ಎರಡು ಎಕರೆ ಅಡಿಕೆ ತೋಟದ ನಡುವೆ ಮನೆ, ಹಟ್ಟಿ, ಪಂಪ್ ಶೆಡ್ಡು ಇರುವವರಿಗೆ ಬೇಡ ಅನ್ನುತ್ತೇನೆ. ಆ ಹೆಚ್ಚುವರಿ 900 ಜೂಲು ಹಂದಿಗೆ ಬೇಕಾಗಿಲ್ಲ. ಒದೆತವೂ ಜಾಸ್ತಿ, ಸಣ್ಣ ಮೈಕಟ್ಟಿನವರಿಗೆ ಐದನೇ ಈಡಿಗೆ ಹೆಗಲು ನೋಯುತ್ತದೆ. ಶಬ್ದಕ್ಕೆ ಕಿವಿಗೆ ಮಫ್ ಹಾಕದೆ ಹೊಡೆಯಲೇಬೇಡಿ, ಇದು ಎಲ್ಲ ರೈಫಲಿಗೂ ಹೇಳುವ ಮಾತು.

.275 ರಿಗ್ಬಿ. ಅಜ್ಜನ ಕಾಲದ ರೈಫಲ್ ಅಂತ ತೋರಿಸುವವರಲ್ಲಿ ಕೆಲವರ ಹತ್ತಿರ ಇದು ಇರುತ್ತದೆ. ನನಗೆ ವೈಯಕ್ತಿಕವಾಗಿ ಬಹಳ ಇಷ್ಟ. ಜರ್ಮನಿಯ ಮೌಸರ್ ಕಂಪೆನಿಯ 7x57 ತೋಟೆಗೆ ಲಂಡನ್ನಿನ ರಿಗ್ಬಿಯವರು ಇಟ್ಟ ಹೆಸರು ಇದು. ಸ್ಪೇನ್ ಸೈನ್ಯ 1893ರಲ್ಲಿ ಇದನ್ನು ತಗೊಂಡಿತು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದದ್ದು .275 ರಿಗ್ಬಿಯೇ. 140 ಗ್ರೇನಿನ ಗುಂಡು, ಸೆಕೆಂಡಿಗೆ 810 ಮೀಟರ್ ಆಸುಪಾಸು, 3000 ಜೂಲಿಗೆ ಚೂರು ಕಡಿಮೆ. ಅಂದರೆ ಬಲ .315ರಷ್ಟೇ, ಗುಂಡು ಮಾತ್ರ ಹಗುರ, ತೆಳ್ಳಗೆ, ನೇರ ಹೋಗುವಂಥದ್ದು. ಒದೆತ ಈ ಗುಂಪಿನಲ್ಲಿ ಎಲ್ಲಕ್ಕಿಂತ ಮೃದು. ಹೊಸಬರಿಗೆ, ಹೆಂಗಸರಿಗೆ, ಅರವತ್ತು ದಾಟಿದವರಿಗೆ ಇಷ್ಟು ಹಿತವಾದ ತೋಟೆ ಇನ್ನೊಂದಿಲ್ಲ. ಆದರೆ ತೋಟೆ ವಿದೇಶದಿಂದ ಬರಬೇಕು. ಕೆಲವು ವರ್ಷ ಅಂಗಡಿಯಲ್ಲಿ ಇರುವುದೇ ಇಲ್ಲ, ಇದ್ದಾಗ ರೇಟು ಕೇಳಿ ವಾಪಸ್ ಬರಬೇಕಾಗುತ್ತದೆ. ಮನೆಯಲ್ಲಿ ಇದ್ದರೆ ಕೊಡಬೇಡಿ. ಇಲ್ಲದವರು ಹುಡುಕಿಕೊಂಡು ಹೋಗಬೇಡಿ.

ಹಳೆಯ ರೈಫಲ್ ಇರುವವರಿಗೆ ಇನ್ನೊಂದು ಮಾತು. ನಳಿಕೆಯ ಮೇಲೆ ಕೊರೆದ ಅಂಕಿಯನ್ನು ನೀವೇ ಓದಿ, ಮನೆಯವರು ಬಾಯಲ್ಲಿ ಹೇಳಿದ ಹೆಸರನ್ನು ನಂಬಬೇಡಿ. ಇಂಚಿನಲ್ಲಿ ಹತ್ತಿರ ಹತ್ತಿರ ಇರುವ ತೋಟೆಗಳು ಒಂದರ ಕೋಣೆಯಲ್ಲಿ (ರೈಫಲಿನೊಳಗೆ ತೋಟೆ ಕೂರುವ ಜಾಗ) ಇನ್ನೊಂದು ಹೋಗಿಬಿಡುತ್ತವೆ. .308 ತೋಟೆ .30-06 ರೈಫಲಿನೊಳಗೆ ಸೇರುತ್ತದೆ, ಆದರೆ ಅದರ ಕೇಸು (ಮದ್ದು ತುಂಬಿದ ಲೋಹದ ಕವಚ) ಗಿಡ್ಡ, 63 ಮಿ.ಮೀ. ಬದಲು 51. ಹೊಡೆದರೆ ಕೇಸು ಒಡೆಯಬಹುದು, ಮುಖದ ಹತ್ತಿರ ಆಗುವ ಕೆಲಸ ಅದು. ಮೊದಲ ಈಡಿಗೆ ಮೊದಲು ಲೈಸೆನ್ಸ್ ಇರುವ ರಿಪೇರಿಯವರಿಗೆ ಒಮ್ಮೆ ತೋರಿಸಿ.

.270 ವಿಂಚೆಸ್ಟರ್. 1925ರಲ್ಲಿ ಬಂತು. .30-06ರ ಮನೆತನದ್ದೇ ಕೇಸು, ಕುತ್ತಿಗೆ ಸಣ್ಣ ಮಾಡಿ .277 ಇಂಚಿನ ಗುಂಡು ಕೂರಿಸಿದ್ದು. 130 ಗ್ರೇನಿನ ಗುಂಡು ಸೆಕೆಂಡಿಗೆ 930 ಮೀಟರ್ ಹೋಗುತ್ತದೆ, ಹಾಗಾಗಿ ದಾರಿ ತುಂಬಾ ನೇರ. ಇನ್ನೂರು ಮೀಟರಿಗೆ ಮೂರ್ನಾಲ್ಕು ಇಂಚು ಇಳಿತ ಅಷ್ಟೇ. ಬೆಟ್ಟದ ಆಚೆ ಬದಿಯಲ್ಲಿ ನಿಂತ ಜಿಂಕೆಗೆ ಹೊಡೆಯುವ ದೇಶದವರು ಇದನ್ನು ಹೊಗಳುವುದು ಸರಿಯೇ. ನಮ್ಮ ತೋಟದಲ್ಲಿ ಮೂವತ್ತು ಮೀಟರಿಗೆ ಈ ವೇಗ ತೊಂದರೆ ಕೊಡುತ್ತದೆ. ಹಗುರ ಗುಂಡು ಅಷ್ಟು ವೇಗದಲ್ಲಿ ಹೆಗಲ ಮೂಳೆಗೆ ತಾಗಿದರೆ ಒಳಗೆ ಹೋಗುವ ಮೊದಲೇ ಚೂರಾಗುವುದು ಉಂಟು. ಬಳಸುವುದಾದರೆ 150 ಗ್ರೇನಿನ ಗಟ್ಟಿ ಗುಂಡು ತಗೊಳ್ಳಿ. ತೋಟೆ ಸಿಗುವ ಕಷ್ಟ ಇದಕ್ಕೂ ಉಂಟು.

.308ರ ಬಗ್ಗೆ ಇಲ್ಲಿಯವರು ಕೇಳಲೇಬೇಡಿ. 1952ರಲ್ಲಿ ಬಂದ ಒಳ್ಳೆಯ ತೋಟೆ, .30-06 ಮಾಡುವ ಕೆಲಸವನ್ನು ಗಿಡ್ಡ ಕೇಸಿನಲ್ಲಿ ಬಹುಮಟ್ಟಿಗೆ ಮಾಡುತ್ತದೆ. ಆದರೆ ನಮ್ಮ ಸೈನ್ಯದ ಹಳೆಯ ಎಸ್‌ಎಲ್‌ಆರ್ ರೈಫಲ್ ಬಳಸುತ್ತಿದ್ದ 7.62 ಮಿ.ಮೀ. ತೋಟೆಗೂ ಇದಕ್ಕೂ ಹೊರ ಅಳತೆ ಒಂದೇ. ಸೈನ್ಯದ 7.62 ಅಥವಾ .303 ತೋಟೆ ಸೇರುವ ಯಾವ ರೈಫಲ್ಲೂ ನಮ್ಮ ನಿಯಮದಲ್ಲಿ ನಿಷೇಧಿತ ಬೋರು, ಅಂದರೆ ಸಾಮಾನ್ಯ ಜನ ಇಟ್ಟುಕೊಳ್ಳಬಾರದ ಅಳತೆಯದ್ದು. ಯಾರಾದರೂ ಮಾರುತ್ತೇನೆ ಅಂತ ಬಂದರೆ ದೂರ ಇರಿ.

ಚಿಕ್ಕಮ್ಮನ ಮಗನಿಗೆ ಮಾತ್ರ ನಾನು .308 ಅಂದೆ. ಅಲ್ಲಿ ಅದಕ್ಕೆ ಲೈಸೆನ್ಸ್ ಸಿಗುತ್ತದೆ, ಕಾಡುಹಂದಿ ಅಲ್ಲಿ ಪೀಡೆ ಪ್ರಾಣಿ, ಹೊಲ ಬಯಲು, ತೋಟೆ ಯಾವ ಅಂಗಡಿಯಲ್ಲೂ ಇದೆ. ಅವನಿಗೆ ವಾರದ ಕೊನೆಗೆ ಗುರಿ ಅಭ್ಯಾಸವೂ ಬೇಕು. .308ರ 168 ಗ್ರೇನಿನ, ಸ್ಪರ್ಧೆಗೆ ಮಾಡಿದ ಮ್ಯಾಚ್ ಗುಂಡು ದಶಕಗಳಿಂದ ಅದೇ ಕೆಲಸಕ್ಕೆ ಹೆಸರು ಮಾಡಿದೆ, ನಳಿಕೆಯೂ ಬಹಳ ಕಾಲ ಬಾಳುತ್ತದೆ. ಐನೂರು ಮೀಟರ್ ದಾಟಿ ಹೊಡೆಯುವ ಆಸೆ ಇದ್ದರೆ 6.5 ಕ್ರೀಡ್‌ಮೋರ್. ಹಾರ್ನಡಿ ಕಂಪೆನಿ 2007ರಲ್ಲಿ ಗುರಿ ಸ್ಪರ್ಧೆಗೆ ಅಂತಲೇ ಮಾಡಿದ್ದು. ಉದ್ದ ತೆಳು ಗುಂಡಾದ್ದರಿಂದ ಗಾಳಿಗೆ ಕಡಿಮೆ ಸರಿಯುತ್ತದೆ, ಒದೆತವೂ .308ಕ್ಕಿಂತ ಕಡಿಮೆ. ಹಂದಿ ಮುಖ್ಯವಾ, ದೂರದ ಕಾಗದದ ಗುರಿ ಮುಖ್ಯವಾ ಅಂತ ಅವನೇ ತೀರ್ಮಾನ ಮಾಡಬೇಕು. ನಾನು ಕೇಳಿದಾಗ ಹಂದಿ ಅಂದ.

ಇಲ್ಲಿ ಗುರಿ ಸ್ಪರ್ಧೆಯ ಆಸೆ ಇರುವ ಮಕ್ಕಳ ಅಪ್ಪ ಅಮ್ಮ ಕೂಡ ರೈಫಲ್ ಬಗ್ಗೆ ಕೇಳುತ್ತಾರೆ. ಅವರಿಗೆ ಮೇಲಿನ ಯಾವುದೂ ಬೇಡ. 300 ಮೀಟರಿನ ದೊಡ್ಡ ರೈಫಲ್ ಸ್ಪರ್ಧೆ ಒಲಿಂಪಿಕ್ಸ್‌ನಲ್ಲಿ 1972ಕ್ಕೇ ನಿಂತಿತು. ಈಗ ರೈಫಲಿನಲ್ಲಿ ಇರುವುದು 10 ಮೀಟರ್ ಏರ್ ರೈಫಲ್, 50 ಮೀಟರ್ .22 (ಸಣ್ಣ ತೋಟೆಯ ರೈಫಲ್). ಏರ್ ರೈಫಲಿನಿಂದ ಶುರು ಮಾಡಿಸಿ, ಮನೆಯ ಚಾವಡಿಯಲ್ಲೇ ಹತ್ತು ಮೀಟರ್ ಸಿಗುತ್ತದೆ, ಪೆಲೆಟ್ಟಿಗೆ ಖರ್ಚು ಕಡಿಮೆ. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ತಂದದ್ದು ಅದರಲ್ಲೇ. ಆಮೇಲೆ ಕ್ಲಬ್ಬು ಸೇರಿ .22. ನಮ್ಮ ಹಾಗೆ ಇನ್ನೊಂದು ಗಡಿ ಜಿಲ್ಲೆಯಾದ ಕೊಲ್ಹಾಪುರದ ಹಳ್ಳಿಯಿಂದ ಬಂದ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದದ್ದು 50 ಮೀಟರಿನಲ್ಲಿ. ಆದರೆ .22 ಹಂದಿಗೆ ಅಲ್ಲ. ಅದರ ಶಕ್ತಿ 200 ಜೂಲಿಗೂ ಕಡಿಮೆ, ಹಂದಿಗೆ ಹೊಡೆದರೆ ಗಾಯ ಮಾಡಿ ನರಳಿಸಿದ ಹಾಗೆ.

ಈಗ ನಯ ನಳಿಕೆಯ ಹನ್ನೆರಡು ಬೋರಿನ ತೋಟಾಕೋವಿ. ರೈಫಲ್ ಹೋಲಿಕೆಯಲ್ಲಿ ಇದು ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ರೈಫಲ್ ಕೇಳುವ ಹತ್ತು ಜನರಲ್ಲಿ ಏಳು ಜನರಿಗೆ ನಿಜವಾಗಿ ಬೇಕಾದದ್ದು ಇದೇ ಅನ್ನುವುದು ನನ್ನ ಅಭಿಪ್ರಾಯ. ಎಲ್‌ಜಿ ಅನ್ನುವ ದಪ್ಪ ಚರೆ (ಒಂದೇ ತೋಟೆಯಿಂದ ಹೊರಡುವ ಹಲವು ಗುಂಡುಗಳು) ಮೂವತ್ತು ಮೀಟರ್ ಒಳಗೆ ಹಂದಿಯನ್ನು ಬೀಳಿಸುತ್ತದೆ. ಅದೇ ಚರೆ ರೈಫಲ್ ಗುಂಡಿನ ಹಾಗೆ ಕಿಲೋಮೀಟರುಗಟ್ಟಲೆ ಹೋಗುವುದಿಲ್ಲ, ಬೇಗ ಸುಸ್ತಾಗಿ ಬೀಳುತ್ತದೆ. ಜೋಡಿನಳಿಕೆ ಆದರೆ ಎರಡನೇ ಈಡು ಕೂಡಲೇ ಸಿಗುತ್ತದೆ. ಲೈಸೆನ್ಸ್ ಸಲೀಸು, ತೋಟೆ ಅಗ್ಗ. ನಲವತ್ತು ಮೀಟರ್ ದಾಟಿದರೆ ಚರೆ ಹರಡಿಹೋಗುತ್ತದೆ, ಆಗ ಹೊಡೆಯಬೇಡಿ. ಅಷ್ಟೇ ಇದರ ಶಿಸ್ತು.

ಯಾವುದನ್ನೇ ಹಿಡಿದರೂ ಈಡು ಬೀಳಬೇಕಾದ ಜಾಗ ಒಂದೇ. ಹಂದಿಯ ಹೃದಯ ನಾವು ಅಂದುಕೊಂಡದ್ದಕ್ಕಿಂತ ಕೆಳಗೆ ಇದೆ, ಮುಂಗಾಲಿನ ಬುಡದ ಹಿಂದೆ, ಮೈಯ ಕೆಳಗಿನ ಮೂರನೇ ಒಂದು ಭಾಗದಲ್ಲಿ. ಬೆನ್ನಿನ ರೋಮ ಎದ್ದು ನಿಂತು ಮೈ ಎತ್ತರ ಕಾಣುವುದರಿಂದ ಜನ ಮೇಲೆ ಹೊಡೆಯುತ್ತಾರೆ. .30-06 ಆದರೂ ಮೇಲೆ ಬಿದ್ದರೆ ಹಂದಿ ಓಡುತ್ತದೆ.

ದುಡ್ಡು ಕಡಿಮೆ, ತೋಟ ಸಣ್ಣದು, ಸುತ್ತ ಮನೆ: ಹನ್ನೆರಡು ಬೋರು. ಐದಾರು ಎಕರೆ, ಹಿಂದೆ ಒಳ್ಳೆಯ ಬರೆ, ವರ್ಷಕ್ಕೆ ಹತ್ತು ಈಡಾದರೂ ಅಭ್ಯಾಸ ಮಾಡುತ್ತೇನೆ ಅನ್ನುವವರು: .315. ಗುಡ್ಡೆಯಲ್ಲಿ ದೂರದ ಈಡು, ತೋಟೆಗೆ ಖರ್ಚು ಮಾಡುವ ಶಕ್ತಿ, ಒಳ್ಳೆಯ ಸ್ಕೋಪು: .30-06. ನಡುವೆ ಸಿಕ್ಕಿಕೊಂಡವರು ಅಂಗಡಿಗೆ ಹೋಗುವ ಮೊದಲು ಒಂದು ಹಗಲು ಸುಮ್ನೆ ತೋಟದಲ್ಲಿ ನಡೆಯಿರಿ. ಹಂದಿ ಬರುವ ದಾರಿ, ನೀವು ಕೂರುವ ಜಾಗ ಎರಡನ್ನೂ ನೋಡಿ. ಕೂರುವ ಜಾಗದಿಂದ ನೇರ ಗೆರೆ ಎಳೆದ ಹಾಗೆ ನೋಡಿ, ಹಿಂದೆ ಎದೆ ಎತ್ತರಕ್ಕಿಂತ ಮೇಲೆ ಮಣ್ಣಿನ ಬರೆ ಇದ್ದರೆ ಅಲ್ಲಿನ ಮರಕ್ಕೆ ಸುಣ್ಣದ ಗುರುತು ಹಾಕಿ. ರಾತ್ರಿ ಆ ಗುರುತು ಟಾರ್ಚಿಗೆ ಹೊಳೆಯುತ್ತದೆ, ಗುರುತು ಕಾಣದ ಕಡೆ ರೈಫಲ್ ಎತ್ತುವುದಿಲ್ಲ. ನಮ್ಮ ತೋಟದಲ್ಲಿ ಹಂದಿ ಬರುವ ಜಾಗ ಹನ್ನೊಂದು ಎಣಿಸಿದೆ. ಸುಣ್ಣ ಬಿದ್ದದ್ದು ಮೂರಕ್ಕೆ.